ಬೆಣ್ಣೆತೊರೆ ದಂಡಿಯ ಕೆಂಪು ಬಲ್ಬು

ತೊಗರಿ ಹೂವಾಗ್ಯಾದ ಅಂತ ಕಾಳಗಿಯಿಂದ ಫೋನು ಬಂತು.
ಎಂಬತ್ತು ಜೇನುಪೆಟ್ಟಿಗೆ ಟೆಂಪೋಕ್ಕ ಏರಿಸಿ ರಾತ್ರೋರಾತ್ರಿ
ಬೆಣ್ಣೆತೊರೆ ದಂಡಿಗೆ ಬಂದು ತಾಡಪತ್ರಿ ಬಿಗಿದೆವು.
ನಾನು, ಸಾಯಬಣ್ಣ, ಒಂದು ಸ್ಟೋವು,
ಹಳೇ ಸ್ಕೂಟರಿನ ಬ್ಯಾಟರಿ,
ಮಡಚಿದರ ದೇವರಪಟದಷ್ಟಾಗುವ ಸೋಲಾರ್ ಹಲಗಿ.

ಹಲಗಿಗೂ ಹಟ ಅದ.
ಮೋಡದ ಚೂರು ಬಂದರ ಮುನಿಸು,
ಒಣಹಾಕಿದ ಲುಂಗಿಯ ನೆರಳು ಮೂಲಿಗೆ ತಾಕಿದರ
ಮಾತೇ ಬಂದ್.
ತಾಸಿಗೊಮ್ಮೆ ಎದ್ದು ಅದರ ಮಾರಿ ತಿರುವುತೀನಿ,
ಸಿಮೆಂಟು ಫ್ಯಾಕ್ಟರಿ ಕಡೆಯ ಗಾಳಿ ತಂದ ಬಿಳೀ ಪುಡಿ
ಕೂಸಿನ ಮಾರಿ ಒರೆಸಿದಂಗ ಒರೆಸುತೀನಿ.

ಮೋಡ ಕಟ್ಟಿದ ಎರಡು ದಿನ ಸಾಯಬಣ್ಣ ಸುಮ್ಮನೆ ಕೂಡಲಿಲ್ಲ.
ಮುರುಕು ಸೈಕಲ್ಲಿನ ಗಾಲಿಗೆ
ಎಣ್ಣಿ ಡಬ್ಬಿ ಕತ್ತರಿಸಿ ತಗಡು ಕಟ್ಟಿದ,
ತೊರೆ ಇಳಿಯುವ ಕಲ್ಲಸಂದಿಯೊಳಗ ನಿಲ್ಲಿಸಿದ.
ಡೈನಮೋ ಗರಗರ ಅಂತು. ಫೋನಿಗೆ ಅರ್ಧ ಜೀವ ಬಂತು.
"ಹೆಸರಿಗೆ ತಕ್ಕಂಗ ಬೆಣ್ಣಿ ಕಡೀಲತ್ತದ ನೋಡು," ಅಂದ.

ಮೊದಲ ರಾತ್ರಿ ಮಾತ್ರ ತಪ್ಪು ಮಾಡಿದ್ವಿ.
ಬಿಳೀ ಬಲ್ಬು ಹಚ್ಚಿ ಉಣ್ಣಲಿಕ್ಕ ಕುಂತರ
ಹೊತ್ತು ಮೂಡಿತೆಂದು ತಿಳಿದು ಹುಳ ಹೊರಬಿದ್ದವು.
ಗಾಜಿಗೆ ಬಡಿದವು, ಬಿದ್ದವು,
ಪುಂಡಿಪಲ್ಯದೊಳಗೂ ಬಿದ್ದವು.
ಮುಂಜಾನೆ ಗುಡಿಸಿದರ ಒಂದು ಬೊಗಸಿ.

ಜೇನುಹುಳಕ್ಕ ಕೆಂಪು ಕಾಣಂಗಿಲ್ಲ ಅಂತ
ಯಾವುದೋ ತರಬೇತಿಯೊಳಗ ಕೇಳಿದ್ದು ನೆನಪಾಯ್ತು.
ಹೊಲದ ಒಡತಿ ಜುಲೇಖಾಬಿಯ ಮೊಮ್ಮಗಳು
ಉಗುರಬಣ್ಣದ ಶೀಸೆ ತಂದಳು.
ಬಲ್ಬಿಗೆ ಎರಡು ಸುತ್ತು ಬಳಿದಳು,
ಉಳಿದದ್ದು ತನ್ನ ಕಿರುಬೆರಳಿಗೆ.
ಬದಲಿಗೆ ದಿನಾ ಅಜ್ಜಿಯ ಫೋನು ಚಾರ್ಜ್ ಆಗಬೇಕು.
ಪುಕ್ಕಟ ಅಲ್ಲ, ಅಂದಳು, ನೆನಪಿರಲಿ.

ಈಗ ನಮ್ಮ ರಾತ್ರಿ ಕೆಂಪು.
ಜ್ವಾಳದ ರೊಟ್ಟಿ ಇಟ್ಟಂಗಿ ಬಣ್ಣ,
ಸಾಯಬಣ್ಣನ ನರೆಗಡ್ಡಕ್ಕ ಮದರಂಗಿ.
ಪೆಟ್ಟಿಗೆಗಳು ಒಳಗೊಳಗ ಗುಂಯ್ ಅಂತಾವ, ಹೊರಗ ಬರಂಗಿಲ್ಲ.
ಅವೂ ಹಗಲ ಬಿಸಿಲು ಡಬ್ಬಿಗೆ ತುಂಬಿಕೊಂಡೇ ಕುಂತಾವ.
ಯಾರ ಡಬ್ಬಿ ಹೆಚ್ಚು ತಾಳತದ, ಕೇಳಬ್ಯಾಡ್ರಿ.

ನಿನ್ನೆ ಲೆಕ್ಕದ ವಹಿ ತೆಗೆದೆ.
ಬದುಕಿದ ಪೆಟ್ಟಿಗೆ ನೀಲಿ ಪೆನ್ನು, ಸತ್ತದ್ದು ಕೆಂಪು.
ಹಿಂದಿನ ಊರಾಗ, ಔಷಧ ಹೊಡೆದ ಹೊಲದ ಮಗ್ಗಲು
ಹನ್ನೊಂದು ಹೋಗಿದ್ದವು.
ಬಲ್ಬಿನ ಕೆಳಗ ಹಿಡಿದರ ನೀಲಿ ಕರ್ರಗ ನಿಂತದ,
ಕೆಂಪು ಇಲ್ಲೇ ಇಲ್ಲ. ಬರೀ ಕಾಗದ.

ಸಾಯಬಣ್ಣನ ಕರೆದು ತೋರಿಸಿದೆ.
ಅವ ಆ ಖಾಲಿ ಜಾಗದ ಮ್ಯಾಲ ಬೆರಳು ಆಡಿಸಿದ.
ಪೆನ್ನು ಒತ್ತಿದ ಗೀರು ಸಿಕ್ಕಿತೇನೋ,
ಬೆರಳು ಹನ್ನೊಂದು ಕಡೆ ನಿಂತು ನಿಂತು ಹೋಯ್ತು.
"ಆರಿಸು," ಅಂದ ಆಮ್ಯಾಲ, "ಬ್ಯಾಟರಿ ಇಳೀತದ."

ಕತ್ತಲೊಳಗ ತೊರೆಯ ಗಾಲಿ ತಿರುಗೇ ತಿರುಗುತ್ತಿತ್ತು.
ತಂತಿ ಬಿಚ್ಚಿ ನಾಕು ದಿನ ಆಗಿತ್ತು,
ಅದಕ್ಕ ಯಾರೂ ಹೇಳಿರಲಿಲ್ಲ.