ಮನೆಯಲ್ಲಿರುವುದರಿಂದಲೇ

ಶಾಲೆಯ ಡೈರಿಯಲ್ಲಿ ಕೆಂಪು ಶಾಯಿ:
ಶುಕ್ರವಾರ ಹ್ಯಾಲೋವೀನ್. ಅಂಗಡಿಯಿಂದ ಏನೂ ಕೊಳ್ಳಕೂಡದು.
ಮನೆಯಲ್ಲಿರುವುದರಿಂದಲೇ, ಬಿಸಾಡುವುದರಿಂದಲೇ
ಭಯವಾಗುವಂಥದ್ದೇನಾದರೂ ಮಾಡಿ ತನ್ನಿ.

ಹಾಗಂದರೇನು ಎಂದು ಅತ್ತೆ ಕೇಳಿದರು.
ದೆವ್ವದ ಹಬ್ಬವಂತೆ, ಪರದೇಶದ್ದು; ಕುಂಬಳಕಾಯಿ ಕೊರೆದು
ಕಣ್ಣು ಮೂಗು ಮಾಡಿ ಒಳಗೆ ದೀಪ ಇಡುತ್ತಾರಂತೆ.
ಎಲೆಗೆ ಸುಣ್ಣ ಸವರುತ್ತಿದ್ದ ಮುನಿರತ್ನಮ್ಮನ ಬೆರಳು ನಿಂತಿತು.
"ದಯ್ಯ ಬರದಿರಲಿ ಅಂತ ನಾವು ಬಾಗಿಲಿಗೆ ಕುಂಬಳಕಾಯಿ ಕಟ್ತೀವಿ,
ಇವರು ಅದರೊಳಕ್ಕೇ ಕೂರಿಸ್ತಾರಾ?
ಬಾಡಿಗೆ ಎಷ್ಟಂತೆ?"

ಶಿಡ್ಲಘಟ್ಟದಲ್ಲಿ ನಮ್ಮದು ಮನೆಯ ಹಿಂದೆಯೇ ಬಿಚ್ಚಾಣಿಕೆ.
ನಾಲ್ಕು ಬೇಸಿನ್ನು, ಒಂದು ಬಾಯ್ಲರು,
ಬಟ್ಟೆಗೂ ಅನ್ನಕ್ಕೂ ಅಂಟಿದ ಹುಳದ ವಾಸನೆ.
ಪೂರ್ವಿ ಸ್ಕೂಲ್ ಬ್ಯಾಗಿಗೂ ಪೌಡರು ಹಾಕಿಕೊಂಡು ಹೋಗುತ್ತಾಳೆ.
ಬಿಸಾಡುವುದಕ್ಕೇನು ಬರವೇ.

ಮುರಿದ ಚಂದ್ರಿಕೆ ಅಟ್ಟದ ಮೇಲಿತ್ತು,
ಮಾವ ಹುಳ ಸಾಕುತ್ತಿದ್ದ ಕಾಲದ್ದು.
ಸುತ್ತಿ ಸುತ್ತಿ ನಡುವಿಗೆ ಹೋಗುವ ಬಿದಿರಿನ ದಾರಿ;
ಜೇಡರ ಬಲೆ ಮಾಡುವ ಕೆಲಸವೇ ಇಲ್ಲ, ನೆಟ್ಟಗೆ ನಿಲ್ಲಿಸಿದೆವು, ಅಷ್ಟೆ.
ಎಳೆ ಸಿಗದೆ ಉಳಿದ ಜುಟ್ಟನ್ನು ಹಿಂಜಿ ಅದರ ಮೇಲೆ ಹರಡಿದೆವು.
ಮೊಟ್ಟೆ ಟ್ರೇ ಕತ್ತರಿಸಿ, ಬಾಣಲೆಯ ಮಸಿ ಬಳಿದು, ಏಳು ಬಾವಲಿ.
ಎಂಟನೆಯದು ಬೆಕ್ಕಿನ ಪಾಲಾಯಿತು.
ಜೇಡಕ್ಕೆ ಕಾಲು: ಕೆಟ್ಟ ಕೊಡೆಯ ಕಡ್ಡಿ.

ಅಸ್ಥಿಪಂಜರ ಬೇಕೇ ಬೇಕು ಎಂದಳು.
ಬೀರುವಿನ ಮೇಲಿನ ಕವರಿನಿಂದ
ಹೋದ ವರ್ಷದ ಎಕ್ಸ್‌ರೇ ತಾನೇ ಎಳೆದು
ಕಿಟಕಿಗೆ ಹಿಡಿದಳು. ನನ್ನ ಎದೆಗೂಡು.
ಚಿಕ್ಕಬಳ್ಳಾಪುರದ ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸಿದ್ದ
ಹೊಗೆಯಂಥ ಜಾಗದ ಮೇಲೆ ಬೆರಳಿಟ್ಟು
"ಇಲ್ಲಿ ಜೇಡ ಅಂಟಿಸೋಣ" ಎಂದಳು.
ಅಂಟಿಸಿದೆವು. ಒಪ್ಪಿತು.

ಕೊನೆಗೆ ದೆವ್ವಗಳು.
ಕಲೆಗೂಡು, ತೂತುಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು
ಮೊರಕ್ಕೆ ಸುರಿದುಕೊಂಡು, ಸ್ಕೆಚ್ ಪೆನ್ನಿನಿಂದ
ಒಂದೊಂದಕ್ಕೂ ಎರಡೆರಡು ಚುಕ್ಕಿ, ಕೆಳಗೊಂದು ಸೊನ್ನೆ: ಬಾಯಿ.
ಜೋಡಿಗೂಡಿಗೆ ನಾಲ್ಕು ಕಣ್ಣು. ಲೆಕ್ಕದಲ್ಲಿ ಅವಳು ಮೋಸ ಮಾಡುವುದಿಲ್ಲ.
ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಲೊಟಲೊಟ.
"ಇದೆ" ಎಂದಳು. ತೂತಿನದ್ದನ್ನು ಅಲ್ಲಾಡಿಸಿ,
"ಇದು ಹೋಗಿಬಿಟ್ಟಿದೆ."
ಆಮೇಲೆ, ತಲೆ ಎತ್ತದೆ:
"ಅಮ್ಮ, ಸತ್ತವು ತಾನೇ ದೆವ್ವ ಆಗೋದು?
ಹಂಗಾದ್ರೆ ನಮ್ಮನೇಲಿ ಎಷ್ಟಿರಬೇಕು?"

ಕುಂಬಳಕಾಯಿ ಕಳ್ಳ ಅಂದವರಾರೂ ಇರಲಿಲ್ಲ ಅಲ್ಲಿ.
ಆದರೂ ನನ್ನ ಕೈ ಹೆಗಲ ಮೇಲಿನದೇನನ್ನೋ ಕೊಡವಿತು.
ಕಿಲೋ ರೇಷ್ಮೆಗೆ ಏಳು ಕಿಲೋ ಗೂಡು,
ಕಿಲೋ ಗೂಡಿಗೆ ಹುಳ ಆರುನೂರರ ಹತ್ತಿರ,
ಹದಿನಾರು ವರ್ಷ.
ಗುಣಿಸಲಿಲ್ಲ.
"ಹುಳಕ್ಕೆ ದೆವ್ವ ಇರಲ್ಲ, ಗಮ್ ಹಾಕು" ಎಂದೆ.
"ಇರ್ತವೆ" ಎಂದರು ಅತ್ತೆ, ಕತ್ತಲೆ ಮೂಲೆಯಿಂದ,
"ಸೀರೆ ಆಗಿ ಮದುವೆಗಳಲ್ಲಿ ಓಡಾಡ್ತವೆ."

ಶುಕ್ರವಾರ ನಯಾಜಣ್ಣನ ಆಟೋದಲ್ಲಿ
ಚಂದ್ರಿಕೆ ಅರ್ಧ ಹೊರಗೆ, ಅರ್ಧ ಮಕ್ಕಳ ಮಡಿಲಲ್ಲಿ.
ಬಹುಮಾನ ಬರಲಿಲ್ಲ. ವಾಸನೆ ಅಂದರಂತೆ ಮಿಸ್ಸು.
ಯಾರಿಗಾದರೂ ಭಯವಾಯಿತಾ ಎಂದೆ.
ಎಲ್‌ಕೆಜಿಯ ಒಬ್ಬ ಅತ್ತನಂತೆ.
ಅವಳಿಗೆ ಅಷ್ಟು ಸಾಕಾಗಿತ್ತು.

ಶನಿವಾರ ಬೆಳಿಗ್ಗೆ, ಗುರುವಾರ ತಂದ ಲಾಟು.
ಕುದಿನೀರಿಗೆ ಸುರಿದು ಜಾಲರಿಯಲ್ಲಿ ಒತ್ತುತ್ತಿದ್ದೆ,
ಒಂದು ತಿರುಗಿ ನೋಡಿತು.
ಒಳ್ಳೆಯ ಗೂಡು. ಕಲೆಯಿಲ್ಲ, ತೂತಿಲ್ಲ.
ಯಾವಾಗ ಬರೆದಳೋ, ಎರಡು ನೀಲಿ ಚುಕ್ಕಿ;
ಬಾಯಿ ಬರೆಯುವುದರೊಳಗೆ ನಾನೇ ಊಟಕ್ಕೆ ಕರೆದಿರಬೇಕು.
ಚುಕ್ಕಿ ಹಿಗ್ಗಿದವು, ಕದಡಿದವು,
ನೀರು ಒಂದು ಗಳಿಗೆ ತಿಳಿನೀಲಿ, ಆಮೇಲೆ ಅದೂ ಇಲ್ಲ.

ಕಡ್ಡಿಯಿಂದ ಕೆದಕಿದೆ. ಎಳೆ ಸಿಕ್ಕಿತು.
ಎಲ್ಲೂ ಕಡಿಯದೆ ಬಂತು.