ಮೂರು ದಿನ ಓಡಬೇಡ

ಇಪ್ಪತ್ತೆರಡು ವರ್ಷದಿಂದ ಚಿಂತಾಮಣಿಯ ಈ ಲ್ಯಾಬಿನಲ್ಲಿ
ಜನರ ಉಚ್ಚೆ ನೋಡಿ ಅನ್ನ ತಿಂದವನು ನಾನು.
ನಾಚಿಕೆಯೇನಿಲ್ಲ. ಮುಖ ಸುಳ್ಳು ಹೇಳೀತು,
ಡಬ್ಬಿ ಹೇಳುವುದಿಲ್ಲ ಅಂತ ನಂಬಿದ್ದೆ,
ವೆಂಕಟರತ್ನ ಬರುವ ತನಕ.

ಸೋಮವಾರ, ಎಂಟೂವರೆ. ಕಡ್ಡಿ ಅದ್ದಿದೆ.
ಹಳದಿ ಚೌಕ ನೋಡನೋಡುತ್ತ ಹಸಿರಾಯಿತು:
ಪ್ರೋಟೀನು, ಎರಡು ಪ್ಲಸ್.
ಗಾಜಿನಡಿ ಇಟ್ಟರೆ ಕೆಂಪು ಕಣಗಳು,
ಚೀಲ ಸೋರಿದ ದಾರಿಯಲ್ಲಿ ರಾಗಿಯ ಹಾಗೆ, ಅಲ್ಲಲ್ಲಿ.
ಕ್ರಿಯಾಟಿನಿನ್ನೂ ಒಂದು ಮೆಟ್ಟಿಲು ಮೇಲೆ.
ಚೀಟಿಯ ತಲೆಗೆ ಡಾಕ್ಟರ ಅಕ್ಷರ: ದಾನಿ.
ಪಡೆಯುವವರು: ಅಣ್ಣ, ನಾಗಭೂಷಣ, ಮೂವತ್ತೊಂದು.

ಬೆಂಚಿನ ಮೇಲೆ ಕೂತಿದ್ದಳು. ಕೂತಿದ್ದರೂ
ಬಲ ಮೊಣಕಾಲು ಮಾತ್ರ ಎಲ್ಲಿಗೋ ಹೊರಟಿತ್ತು.
ಹಿಮ್ಮಡಿಯಲ್ಲಿ ಕೆಮ್ಮಣ್ಣು.
"ಎಷ್ಟು ಹೊತ್ತಿಗೆ ಎದ್ದೆಯಮ್ಮ?"
"ನಾಲ್ಕಕ್ಕೆ ಸಾರ್. ಕೈವಾರ ಕ್ರಾಸ್ ಮುಟ್ಟಿ ವಾಪಸ್ ಬಂದೆ.
ಕೊನೇ ಎರಡು ಕಿಲೋಮೀಟರ್ ಜೋರಾಗಿ."
"ನೀರು?"
"ಹೊಟ್ಟೆ ಕುಲುಕುತ್ತೆ ಅಂತ ಕುಡಿಯಲ್ಲ."
"ಮಾತ್ರೆ?"
"ರೇಸಿನ ದಿನ ಮಾತ್ರ. ನೋವಿಗೆ. ಎರಡು."
ಪರೀಕ್ಷೆ ಅಂತ ಗೊತ್ತಿದ್ದೂ ಯಾಕೆ ಓಡಿದೆ ಅಂದರೆ
"ಗಟ್ಟಿ ಇದೀನಿ ಅಂತ ಕಾಣಲಿ ಅಂತ."

ನಮ್ಮ ತಾತ ನೀರುಗಂಟಿ.
ಕೆರೆ ಕೋಡಿ ಬಿದ್ದ ವರ್ಷವೂ ತೂಬಿನ ಮೇಲೆ ಕೂತು
ಯಾವ ಗದ್ದೆಗೆ ಎಷ್ಟು ಗಳಿಗೆ ಅಂತ ಎಣಿಸುತ್ತಿದ್ದ;
ಸುಗ್ಗಿಯಲ್ಲಿ ಕಣಕ್ಕೊಂದು ಮೊರ ಭತ್ತ, ಅದೇ ಸಂಬಳ.
ಬೆನ್ನ ಹಿಂದೆ, ಪಕ್ಕೆಲುಬಿನ ನೆರಳಲ್ಲಿ
ಮುಷ್ಟಿಯಷ್ಟೇ ಇರುವ ಈ ಇಬ್ಬರೂ ಅವನ ಕಡೆಯವರು.
ಓಡುವಾಗ ಕಾಲುಗಳು ಕೂಗುತ್ತವೆ: ಈ ಕಡೆ ಬಿಡು, ಈ ಕಡೆ!
ತೊಡೆ, ಮೀನಖಂಡ ದೊಡ್ಡ ಹಿಡುವಳಿದಾರರು, ದನಿಯೂ ದೊಡ್ಡದು.
ಇವರು ತಮ್ಮ ಪಾಲಿನ ಕಾಲುವೆಯನ್ನೇ ಕಟ್ಟಿ
ಬಂದ ಕಾಲುಭಾಗದಲ್ಲಿ ಹೊತ್ತು ದೂಡುತ್ತಾರೆ.
ಆಗ ಜರಡಿಯ ಕಣ್ಣು ಸಡಿಲ,
ಬಿಡಬಾರದ್ದು ಒಂದಿಷ್ಟು ಜಾರುತ್ತದೆ.
ದಣಿವಿನ ಗುರುತಿರಬಹುದು. ರೋಗವೂ ಇರಬಹುದು.
ಕಡ್ಡಿಗೆ ಎರಡೂ ಅದೇ ಹಸಿರು.

ಡಾಕ್ಟರೂ ಅದನ್ನೇ ಅಂದರು. ಗುರುವಾರ ಮತ್ತೆ ಬಾ,
ಅಲ್ಲಿಯ ತನಕ ಮಾತ್ರೆ ಮುಟ್ಟಬೇಡ,
ಮೂರು ದಿನ ಓಡಬೇಡ.
ಊಟ ಬಿಡು ಅಂದಿದ್ದರೆ ಸುಲಭವಾಗಿ ಬಿಡುತ್ತಿದ್ದಳೇನೋ.

ಬುಧವಾರ ಟೊಮೆಟೊ ಮಂಡಿ ಹತ್ತಿರ ಕಂಡಳು.
ನಡೆಯುತ್ತಿದ್ದಳು,
ಯಾರದೋ ಚಪ್ಪಲಿ ಹಾಕಿಕೊಂಡು ಬಂದವರ ಹಾಗೆ.
"ನಾಲ್ಕಕ್ಕೆ ಎಚ್ಚರ ಆಗುತ್ತೆ ಸಾರ್. ಗೋಡೆ ನೋಡ್ತೀನಿ.
ಪಕ್ಕದ ರೂಮಲ್ಲಿ ಅಣ್ಣನೂ ಎದ್ದಿರ್ತಾನೆ.
ಅವನಿಗೆ ದಿನಕ್ಕೆ ಮುಕ್ಕಾಲು ಲೀಟರ್ ಅಷ್ಟೇ,
ಬಾಟ್ಲಿಗೆ ಪೆನ್ನಲ್ಲಿ ಗೆರೆ ಎಳೆದಿದ್ದಾರೆ ನಮ್ಮಮ್ಮ.
ನೀವು ನೀರು ಕುಡಿ ಅಂದ್ರಲ್ಲ,
ಅಡುಗೆಮನೆಗೆ ಹೋಗಿ ಕದ್ದು ಕುಡೀತೀನಿ,
ಗಂಟಲು ಸದ್ದಾಗದ ಹಾಗೆ."
ಹೊಟ್ಟೆ ಕುಲುಕುವ ಮಾತು ಆಗ ನನಗೆ ಅರ್ಥವಾಯಿತು.

ಗುರುವಾರ ಕಡ್ಡಿ ಅದ್ದಿ ಅರವತ್ತು ಎಣಿಸಿದೆ.
ನಿಯಮ ಅಷ್ಟೇ. ಇನ್ನೊಂದು ಅರವತ್ತೂ ಎಣಿಸಿದೆ.
ಹಳದಿ ಹಳದಿಯಾಗೇ ಉಳಿಯಿತು.

"ಒಂದು ಕೊಟ್ಟ ಮೇಲೆ ಓಡಬಹುದಾ ಸಾರ್?"
ತಾತನ ಕೆರೆಗೆ ಎರಡು ತೂಬು,
ಒಂದು ಹೂಳಿನಲ್ಲಿ ಮುಚ್ಚಿಹೋದ ವರ್ಷ ಇನ್ನೊಂದು...
ಅನ್ನಲು ಹೋದವನು ಬಾಯಿ ಮುಚ್ಚಿದೆ.
"ಡಾಕ್ಟರನ್ನ ಕೇಳು."

ಚೀಟಿ ಮಡಚಿ ಹೊರಟಳು. ನಾಳೆ ಕೋಲಾರದಲ್ಲಿ ಇನ್ನೊಂದು ಪರೀಕ್ಷೆ.
ರಸ್ತೆಯಾಚೆ ಬಸ್ಸು ಹೊರಟೇಬಿಟ್ಟಿತ್ತು,
ಅವಳ ಕಾಲಿಗೆ ಅದೊಂದು ದೂರವೇ ಅಲ್ಲ.
ಕಂಡಕ್ಟರ್ ಬಾಗಿಲಲ್ಲಿ ನಿಂತು ಬಾ ಬಾ ಅಂತ ಕೈ ಬೀಸಿದ.
ಅವಳು ನಿಂತೇ ಇದ್ದಳು. ಬ್ಯಾಗಿನಿಂದ ಬಾಟಲಿ ತೆಗೆದು
ಬೀದಿಯ ಅಂಚಿನಲ್ಲೇ, ತಲೆ ಹಿಂದಕ್ಕೆ ಚೆಲ್ಲಿ,
ಗಟಗಟ ಸದ್ದು ಮಾಡುತ್ತ ಕುಡಿದಳು.