ನಲವತ್ತೇಳನೇ ಕಂಬ

ತೊಡೂರು ಗುಡ್ಡದ ನಲವತ್ತೇಳನೇ ಕಂಬಕ್ಕೆ
ವರ್ಷಕ್ಕೊಮ್ಮೆ, ಮೇ ಕೊನೆಗೆ, ಕತ್ತಿ ಹಿಡಿದು ಹೋಗುತ್ತೇನೆ.
ಸ್ಟೇ ತಂತಿ ತಬ್ಬಿ ಹತ್ತುವ ಬಳ್ಳಿ
ನನಗಿಂತ ಚುರುಕು; ಏಣಿ ಬೇಡ, ಬೆಲ್ಟು ಬೇಡ,
ಕೆಳಗೆ ಯಾರೂ ನಿಂತು ಹುಷಾರು ಎನ್ನಬೇಕಿಲ್ಲ.

ನಾನು ಕಡಿದದ್ದನ್ನು ಬೊಮ್ಮಿ ಹೆಕ್ಕುತ್ತಿದ್ದಳು,
ಎಲೆ ಬೇರೆ, ಕಾಂಡ ಬೇರೆ, ಬೇರಿನ ಚೂರು ಸೆರಗಿಗೆ.
ಏನಕ್ಕೆ ಅಂದರೆ ಒಮ್ಮೆ ಬಾಣಂತಿಗೆ ಎಂದಳು,
ಇನ್ನೊಮ್ಮೆ ದನದ ಕಾಲಿಗೆ.
ಹೆಸರು ಕೇಳಿದರೆ ಮಾತ್ರ ಬಾಯಿಗೆ ಬೀಗ:
"ಹೇಳೂಕಾಗ ತಮಾ, ಹೇಳಿದ್ರೆ ಮದ್ದು ನಾಟೂದಿಲ್ಲ."

ಮುಂಗೈ ಸುಟ್ಟುಕೊಂಡ ವರ್ಷ
ಸಿವಿಲ್ ಆಸ್ಪತ್ರೆಯ ಬಿಳಿ ಮುಲಾಮು ಹಗಲಿಗೆ,
ಅವಳು ಅರೆದು ಕೊಟ್ಟ ಹಸಿರು ರಾತ್ರಿಗೆ.
ಡಾಕ್ಟರರಿಗೆ ಇದನ್ನು ಹೇಳಲಿಲ್ಲ, ಇವಳಿಗೆ ಅದನ್ನು.
ಗಾಯ ಮಾಯಿತು. ಯಾರಿಂದ ಎಂದು
ಚರ್ಮವನ್ನೇ ಕೇಳಬೇಕು.
ಅದು ಮಳೆಗೆ ಮುಂಚೆ ತುರಿಸುತ್ತದೆ, ಅಷ್ಟೇ.

ಈ ಸಲ ಕೆಲಸ ತಡವಾಗಿ ಶ್ರಾವಣ ಬಂತು.
ಧಾರವಾಡದಿಂದ ನಗೀನಾ ಮುಲ್ಲಾ ಬಂದಳು,
ಬೂಟಿನ ತುಂಬ ಕೆಂಪು ಕೆಸರು, ಹೆಗಲಿಗೆ ಹಳೇ ಪೇಪರಿನ ಕಟ್ಟು.
ಬೆರಳು ಮಾಡಿ ಹೂ ತೋರಿಸಿದಳು.
ಹತ್ತೊಂಬತ್ತು ವರ್ಷ, ಅರಳುವ ಮೊದಲೇ ನಾನು ಕಡಿದ ಹೂ:
ಉರಿಯದ ಬಲ್ಬಿನಂತೆ ಉಬ್ಬಿದ ಬುಡ,
ಹಸಿರು ಕೊಳವೆ, ನೇರಳೆ ಗಂಟಲು,
ಮೂಗು ಹತ್ತಿರ ಒಯ್ದರೆ ಒಣಮೀನಿನ ಖಾಲಿ ಬುಟ್ಟಿ.
ಒಳಗೊಂದು ನೊಣ, ಒಂದು ರಾತ್ರಿಯ ಸೆರೆ.
"ಇನ್ನೊಂದೇ ಕಡೆ ನೋಡಿದೀನಿ ಇದನ್ನ" ಎಂದಳು.

ಮದ್ದಿಗೆ ಬರುತ್ತದಾ, ನಾನೇ ಕೇಳಿದೆ.
ಪೆನ್ಸಿಲ್ ಕಚ್ಚಿದಳು. "ಇರಬಹುದು.
ಬೇರಲ್ಲಿ ವಿಷಾನೂ ಇರಬಹುದು."
ಹಾಳೆಯ ಕೊನೆಯ ಖಾನೆ ಖಾಲಿ ಬಿಟ್ಟಳು.
ಬಾಣಂತಿ, ದನದ ಕಾಲು, ನನ್ನ ಮುಂಗೈ
ನಾಲಿಗೆ ತುದಿವರೆಗೆ ಬಂದು ಅಲ್ಲೇ ಕೂತವು.
ಬೊಮ್ಮಿ ಸತ್ತು ಮೂರು ಮಳೆಗಾಲ.
ಆದರೂ, ನಾಟಬೇಕಾದ ಮದ್ದು
ಯಾರ ಮೈಯಲ್ಲೋ ಇನ್ನೂ ಕೆಲಸ ಮಾಡುತ್ತಿದ್ದರೆ?

ಇವತ್ತು ಲೈನ್ ಆಫ್ ಮಾಡಿ ಹತ್ತಿದ್ದೇನೆ.
ಕತ್ತಿ ಸೊಂಟದಲ್ಲೇ ಇದೆ.
ಒಂದೊಂದೇ ಹಂಬು ಬಿಡಿಸಿ, ತಂತಿಯಿಂದ ಇಳಿಸಿ
ಪಕ್ಕದ ಮತ್ತಿ ಮರಕ್ಕೆ ದಾಟಿಸುತ್ತಿದ್ದೇನೆ.
ಎರಡು ಮುರಿದವು.
ರಿಜಿಸ್ಟರಿನಲ್ಲಿ 'ಬಳ್ಳಿ ತೆಗೆಯಲಾಗಿದೆ' ಎಂದು ಬರೆಯಬೇಕು;
ಸುಳ್ಳೇನಲ್ಲ.

ಶಿರವಾಡದಿಂದ ಮೂರನೇ ಫೋನು:
ಫ್ರಿಜ್ಜಿನಲ್ಲಿ ಇಶೋಣ ಕೆಡುತ್ತಿದೆ, ಕರೆಂಟು ಯಾವಾಗ?
ಹತ್ತು ನಿಮಿಷ, ಎನ್ನುತ್ತೇನೆ.
ನೊಣ ಇನ್ನೂ ಹೊರಗೆ ಬಂದಿಲ್ಲ.